ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ರಾಫ್ಟಿಂಗ್‌ಗೂ ಸ್ಕೂಬಾಗೂ ಹೊರಡುವವರಿಗೆ: ಮನೆಯಿಂದ ನೇತ್ರಾಣಿವರೆಗೆ

ನಮ್ಮದು ಬಯಲುಸೀಮೆ. ತುಂಗಭದ್ರೆ ಇದ್ದಾಳೆ, ಕೃಷ್ಣೆ ಇದ್ದಾಳೆ, ಕಾಲುವೆಗಳಿಗೆ ಲೆಕ್ಕವಿಲ್ಲ. ಆದರೆ ರಜೆ ಬಂದರೆ ನಾವು ಹೋಗುವುದು ದೇವಸ್ಥಾನಕ್ಕೆ, ಇಲ್ಲ ಊಟಿಗೆ. ನೀರಿನಲ್ಲಿ ಇಳಿದು ಮಾಡುವ ರಜೆ ನಮಗಲ್ಲ, ಅದು ಬೆಂಗಳೂರಿನವರಿಗೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹುಬ್ಬಳ್ಳಿ ದಾಟಿದರೆ ದಾಂಡೇಲಿ ಹತ್ತಿರವೇ. ಅಲ್ಲಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಇದೆ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ನೀರಿನ ಮೇಲೆ ಹೋಗುವುದು. ಘಟ್ಟ ಇಳಿದರೆ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ನೇತ್ರಾಣಿ ದ್ವೀಪ, ಸ್ಕೂಬಾ ಡೈವಿಂಗ್‌ಗೆ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದಕ್ಕೆ) ನಮ್ಮ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು. ನಾಲ್ಕು ದಿನ ರಜೆ ಸಿಕ್ಕರೆ ಎರಡೂ ಆಗುತ್ತದೆ.

ಆಗಬೇಕಾದರೆ ಒಂದು ಕ್ರಮ ಬೇಕು. ಮೊದಲು ಊರಲ್ಲೇ ನೀರಿನ ಅಭ್ಯಾಸ. ಆಮೇಲೆ ನದಿ. ಆಮೇಲೆ ಸಮುದ್ರ. ಸಮುದ್ರದ ನಂತರ ಒಂದು ರಾತ್ರಿ ಅಲ್ಲೇ ನಿದ್ದೆ. ಆಮೇಲೆ ಮನೆ. ಈ ಸಾಲು ತಪ್ಪಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ತಿಂಗಳು ಯಾವುದು ಅಂತ ಮೊದಲು ನೋಡಿ

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಜೂನ್ ಬಂದರೆ ಅರಬ್ಬಿ ಸಮುದ್ರದ ಅಲೆ ಎದ್ದುಬಿಡುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಡೈವಿಂಗ್ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರುವಾಗಿ ಮೇ ತನಕ ನಡೆಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿ, ಸಮುದ್ರ ಸಮಾಧಾನವಾಗಿ ಇರುವ ಸಂಭವ ಜಾಸ್ತಿ.

ಇದು ನಮಗೆ ಚೆನ್ನಾಗಿ ಹೊಂದುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಮುಂಗಾರಿನ ಭತ್ತ ಕಟಾವು ಮುಗಿದು, ಎರಡನೇ ಬೆಳೆಯ ನಾಟಿಗೆ ಇನ್ನೂ ಸ್ವಲ್ಪ ಬಿಡುವು ಇರುವ ಸಮಯ ಅದು. ಶಾಲೆ ಮಕ್ಕಳಿದ್ದವರು ಬೇಸಿಗೆ ರಜೆಗೆ ಕಾಯುತ್ತಾರೆ. ಏಪ್ರಿಲ್ ಆದರೂ ಪರವಾಗಿಲ್ಲ. ಮೇ ಕೊನೆಯ ವಾರಗಳನ್ನು ಮಾತ್ರ ನಂಬಬೇಡಿ.

ದಾಂಡೇಲಿಯದ್ದು ಬೇರೆ ಲೆಕ್ಕ. ಅಲ್ಲಿ ರಾಫ್ಟಿಂಗ್ ನಡೆಯುವುದು ಗಣೇಶಗುಡಿ ಹತ್ತಿರ, ಸೂಪಾ ಅಣೆಕಟ್ಟಿನ ಕೆಳಗೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ನದಿ ಓಡುತ್ತದೆ, ಬಿಡದಿದ್ದರೆ ಬಂಡೆ ಕಾಣುತ್ತದೆ. ನಮ್ಮ ಶಕ್ತಿನಗರದ ಸ್ಥಾವರ, ಕುಡತಿನಿಯ ಸ್ಥಾವರ ನಡೆಸುವ ಕರ್ನಾಟಕ ವಿದ್ಯುತ್ ನಿಗಮವೇ ಸೂಪಾವನ್ನೂ ನಡೆಸುವುದು. ರಾಜ್ಯಕ್ಕೆ ಕರೆಂಟ್ ಎಷ್ಟು ಬೇಕೋ ಅದರ ಮೇಲೆ ನೀರು. ಹಾಗಾಗಿ ಇವತ್ತು ಇದ್ದ ರಾಫ್ಟಿಂಗ್ ನಾಳೆ ಇರಲೇಬೇಕು ಅಂತಿಲ್ಲ. ಆಡಳಿತದವರು ಸುರಕ್ಷತೆಗಾಗಿ ನಿಲ್ಲಿಸುವುದೂ ಉಂಟು. ಹೊರಡುವ ಹಿಂದಿನ ದಿನ ಫೋನ್ ಮಾಡಿ, "ನಾಳೆ ನೀರು ಬಿಡ್ತಾರಾ, ಎಷ್ಟು ಹೊತ್ತಿಗೆ?" ಅಂತ ಕೇಳಿ. ಈ ಒಂದು ಪ್ರಶ್ನೆ ಕೇಳದೆ ಅಷ್ಟು ದೂರ ಹೋಗಿ ಬರಿಗೈಲಿ ವಾಪಸ್ ಬಂದವರು ಬಹಳ ಜನ.

ಮಳೆಗಾಲದಲ್ಲೇ ರಜೆ ಸಿಗುವುದಾದರೆ ಕೊಡಗಿನ ಬರಪೊಳೆ ನೋಡಿ. ಅಲ್ಲಿ ರಾಫ್ಟಿಂಗ್ ನಡೆಯುವುದೇ ಮಳೆ ನೀರಿನಲ್ಲಿ. ಆದರೆ ಅದು ನಮಗೆ ದೂರ, ಜೊತೆಗೆ ಸ್ಕೂಬಾ ಸೇರಿಸಲು ಆಗುವುದಿಲ್ಲ.

ಹೆಜ್ಜೆ 2: ಊರಲ್ಲೇ ನೀರಿಗೆ ಇಳಿಯಿರಿ

ಬುಕಿಂಗ್ ಮಾಡುವವರು "ಈಜು ಬರದಿದ್ದರೂ ನಡೆಯುತ್ತೆ" ಅನ್ನುತ್ತಾರೆ. ಸುಳ್ಳಲ್ಲ. ರಾಫ್ಟಿಂಗ್‌ನಲ್ಲಿ ಲೈಫ್ ಜಾಕೆಟ್ ತೇಲಿಸುತ್ತದೆ. ಮೊದಲ ಸಲದ ಸ್ಕೂಬಾದಲ್ಲಿ ತರಬೇತುದಾರರು ಕೈ ಹಿಡಿದೇ ಇರುತ್ತಾರೆ. ಆದರೆ ಈಜು ಬರುವುದು ಬೇರೆ, ನೀರಿನಲ್ಲಿ ಗಾಬರಿ ಆಗದೆ ಇರುವುದು ಬೇರೆ. ಮುಖ ನೀರಿನೊಳಗೆ ಹೋದ ಕೂಡಲೇ ಉಸಿರು ಬಿಗಿ ಹಿಡಿದು ಒದ್ದಾಡುವವರಿಗೆ ಯಾವ ಜಾಕೆಟ್ ಇದ್ದರೂ ಸುಖವಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಸಮುದ್ರದ ಮಧ್ಯೆ ಹೋಗಿ, ಎರಡು ನಿಮಿಷಕ್ಕೆ ಮೇಲೆ ಬಂದು ದೋಣಿಯಲ್ಲಿ ಕೂರುವವರು ಇವರೇ. ಈ ಹೆಜ್ಜೆಗೆ ಎಷ್ಟು ಸಮಯ ಕೊಡುತ್ತೀರೋ, ಮುಂದಿನ ದುಡ್ಡಿಗೆ ಅಷ್ಟು ಬೆಲೆ ಬರುತ್ತದೆ.

ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಿ. ಹತ್ತಿರದ ಪಟ್ಟಣದಲ್ಲಿ ಈಜುಕೊಳ ಎಲ್ಲಿದೆ ವಿಚಾರಿಸಿ, ಬೆಳಗಿನ ಬ್ಯಾಚ್‌ಗೆ ಸೇರಿ. ಹಳ್ಳಿ ಕಡೆ ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು. ಈಗಲೂ ಖಾಲಿ ಕ್ಯಾನ್ ಕಟ್ಟಿ ಕಲಿಸುತ್ತಾರೆ. ಈಜು ಬಲ್ಲ ದೊಡ್ಡವರು ಜೊತೆಗಿದ್ದು, ಮೆಟ್ಟಿಲು ಇರುವ ಬಾವಿಯಾದರೆ ಅದೂ ಸರಿಯೇ. ಕಾಲುವೆ ಮಾತ್ರ ಬೇಡ. ಎಡದಂಡೆ ಆಗಲಿ, ಮೇಲ್ಮಟ್ಟದ ಕಾಲುವೆ ಆಗಲಿ, ಬದಿಗಳು ಇಳಿಜಾರು, ಪಾಚಿ ಹಿಡಿದ ಕಾಂಕ್ರೀಟು. ಇಳಿಯುವುದು ಸುಲಭ, ಹತ್ತುವುದಕ್ಕೆ ಹಿಡಿತವೇ ಸಿಗುವುದಿಲ್ಲ. ಪ್ರತಿ ವರ್ಷ ಒಳ್ಳೆ ಈಜುಗಾರರನ್ನೇ ಅದು ಒಯ್ಯುತ್ತದೆ.

ನದಿಯೂ ಬೇಡ. ಟಿ.ಬಿ. ಡ್ಯಾಂ ಕೆಳಗಿನಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ತುಂಗಭದ್ರಾ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ನಮಗೆಲ್ಲ ಹೆಮ್ಮೆಯ ವಿಷಯ. ಅದೇ ನೀರಿನಲ್ಲಿ ಮೊಸಳೆಗಳೂ ಇವೆ, ರಾಯಚೂರು ಕಡೆ ಕೃಷ್ಣೆಯಲ್ಲೂ ಇವೆ. ಆನೆಗೊಂದಿ, ಸಣಾಪುರ ಕಡೆ ಬಂಡೆ ಮೇಲಿಂದ ಹಾರುವ ಆಟವನ್ನಂತೂ ದಯವಿಟ್ಟು ಬಿಡಿ. ಮೇಲೆ ನೀರು ನಿಂತಂತೆ ಕಾಣುತ್ತದೆ, ಕೆಳಗೆ ಬಂಡೆಗಳ ಸಂದಿಯಲ್ಲಿ ಸೆಳೆತ ಇರುತ್ತದೆ.

ಈಜುಕೊಳದಲ್ಲಿ ಏನು ಅಭ್ಯಾಸ ಮಾಡಬೇಕು? ಮೊದಲು ಅಂಗಾತ ತೇಲುವುದು. ಕಿವಿ ನೀರಿನೊಳಗೆ, ಮುಖ ಆಕಾಶಕ್ಕೆ, ಹೊಟ್ಟೆ ಮೇಲಕ್ಕೆ. ಹತ್ತು ನಿಮಿಷ ಹೀಗೆ ಸುಮ್ನೆ ಇರಲು ಬಂದರೆ ಅರ್ಧ ಭಯ ಹೋಯಿತು. ಎರಡನೆಯದು, ಬಾಯಿಂದ ಉಸಿರಾಡುವುದು. ಸ್ಕೂಬಾದಲ್ಲಿ ಮಾಸ್ಕ್ ಮೂಗನ್ನು ಮುಚ್ಚಿರುತ್ತದೆ, ಉಸಿರೆಲ್ಲ ಬಾಯಿಂದಲೇ. ಮನೆಯಲ್ಲಿ ಟಿವಿ ನೋಡುತ್ತಾ ಮೂಗು ಹಿಡಿದುಕೊಂಡು ಹತ್ತು ನಿಮಿಷ ಬಾಯಿಂದ ನಿಧಾನವಾಗಿ ಉಸಿರಾಡಿ. ಮೊದಲ ದಿನ ಬಾಯಿ ಒಣಗುತ್ತದೆ, ಮೂಗಿನಿಂದಲೇ ಎಳೆಯಬೇಕು ಅನ್ನಿಸುತ್ತದೆ. ವಾರದಲ್ಲಿ ರೂಢಿಯಾಗುತ್ತದೆ. ಮೂರನೆಯದು, ಒಂದು ಮಾಸ್ಕು, ಒಂದು ಸ್ನಾರ್ಕೆಲ್ (ಮುಖ ಮುಳುಗಿದ್ದಾಗ ಬಾಯಿಂದ ಉಸಿರಾಡುವ ಕೊಳವೆ) ತಂದು ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ ಉಸಿರಾಡುವುದು.

ಕೊನೆಗೆ, ಮಾಸ್ಕ್‌ನೊಳಗೆ ಬಂದ ನೀರನ್ನು ಹೊರಗೆ ಹಾಕುವುದು. ಬೇಕೆಂದೇ ಸ್ವಲ್ಪ ನೀರು ಬಿಟ್ಟುಕೊಳ್ಳಿ. ಮುಖ ನೀರಿನೊಳಗೇ ಇರಲಿ. ಮಾಸ್ಕ್‌ನ ಮೇಲಂಚನ್ನು ಹಣೆಗೆ ಒತ್ತಿ ಹಿಡಿಯಿರಿ, ತಲೆ ಸ್ವಲ್ಪ ಮೇಲೆ ಎತ್ತಿ, ಮೂಗಿನಿಂದ ಜೋರಾಗಿ ಉಸಿರು ಬಿಡಿ. ಗಾಳಿ ಒಳಗೆ ತುಂಬಿ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದನ್ನು ಊರಲ್ಲೇ ಕಲಿತು ಹೋದರೆ ನೇತ್ರಾಣಿಯಲ್ಲಿ ಮಾಸ್ಕ್‌ಗೆ ಎರಡು ಹನಿ ನೀರು ಬಂದಾಗ ಕೈಕಾಲು ಬಡಿಯುವುದಿಲ್ಲ. ಮೀಸೆ ದಪ್ಪ ಇದ್ದವರಿಗೆ ಮಾಸ್ಕ್ ಸರಿಯಾಗಿ ಅಂಟುವುದಿಲ್ಲ, ನೀರು ಸೋರುತ್ತದೆ. ಮೀಸೆಯ ಮೇಲ್ಭಾಗ ಸ್ವಲ್ಪ ಟ್ರಿಮ್ ಮಾಡಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ.

ಶರೀರದ ದಮ್ಮು ನೋಡಿಕೊಳ್ಳಲು ಅಂಜನಾದ್ರಿ ಇದೆಯಲ್ಲ. 575 ಮೆಟ್ಟಿಲು. ಮಾತಾಡುತ್ತಾ ಹತ್ತಲು ಆಗುತ್ತದೆ ಅಂದರೆ ರಾಫ್ಟಿಂಗ್‌ಗೆ ನಿಮ್ಮ ದಮ್ಮು ಸಾಕು. ಬಳ್ಳಾರಿಯವರಿಗೆ ಕೋಟೆ ಗುಡ್ಡ ಇದೆ, ಸಂಡೂರಿನವರಿಗೆ ಬೆಟ್ಟಗಳಿಗೇನು ಬರ.

ಹೊರಡುವ ಮುಂಚೆ ಒಂದು ಭಾನುವಾರ ಮನೆಮಂದಿ ಎಲ್ಲ ಸಣಾಪುರ ಕೆರೆಗೆ ಹೋಗಿ ತೆಪ್ಪ ಹತ್ತಿ. ಲೈಫ್ ಜಾಕೆಟ್ ಕೊಡದ ತೆಪ್ಪ ಹತ್ತಬೇಡಿ. ಡ್ಯಾಂನಿಂದ ನೀರು ಬಿಟ್ಟಿದ್ದಾರೆ, ಆಡಳಿತ ನಿಷೇಧಿಸಿದೆ ಅಂದರೆ ಹತ್ತಲೇಬೇಡಿ. ತೆಪ್ಪದವರು ಮಧ್ಯದಲ್ಲಿ ಗರಗರ ತಿರುಗಿಸುತ್ತಾರೆ. ಆಗ ಯಾರ ಮುಖ ಬಿಳಿಚಿಕೊಳ್ಳುತ್ತದೆ, ಯಾರು ಹೊಟ್ಟೆ ಹಿಡಿದುಕೊಳ್ಳುತ್ತಾರೆ ಗಮನಿಸಿ. ಅವರಿಗೆ ಸಮುದ್ರದ ದೋಣಿಯಲ್ಲೂ ವಾಂತಿ ಬರುವ ಸಾಧ್ಯತೆ ಇದೆ. ಮಾತ್ರೆಯ ಏರ್ಪಾಡು ಯಾರಿಗೆ ಬೇಕು ಅಂತ ಊರಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 3: ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ

ಸ್ಕೂಬಾಗೆ ಮೊದಲು ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಆಪರೇಷನ್, ಸೈನಸ್, ಗರ್ಭಿಣಿಯೇ ಅಂತೆಲ್ಲ ಕೇಳಿರುತ್ತದೆ. ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿ ಸಹಿ ಮಾಡುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಹಾಗೆ ಮಾಡಬೇಡಿ.

ಇದನ್ನು ಒತ್ತಿ ಹೇಳಲು ನಮ್ಮ ಜಿಲ್ಲೆಗಳಲ್ಲಿ ಕಾರಣವಿದೆ. ಸಂಡೂರು, ತೋರಣಗಲ್ಲು ಕಡೆ ಗಣಿ ಧೂಳು. ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ತೌಡಿನ ಧೂಳು. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್. ಅಲರ್ಜಿ, ಉಬ್ಬಸ, ಸದಾ ಕಟ್ಟಿದ ಮೂಗು ನಮಗೆ ಎಷ್ಟು ಮಾಮೂಲಾಗಿದೆ ಅಂದರೆ ಅದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ. ಇನ್‌ಹೇಲರ್ ಜೇಬಲ್ಲಿದ್ದವರೂ "ನನಗೇನಿಲ್ಲ" ಅನ್ನುತ್ತಾರೆ. ನೀರಿನ ಕೆಳಗೆ ಉಬ್ಬಸ ಬಂದು ಗಾಳಿ ಶ್ವಾಸಕೋಶದಲ್ಲೇ ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯ. ಒಮ್ಮೆಯಾದರೂ ಇನ್‌ಹೇಲರ್ ಬಳಸಿದವರು, ಬಿಪಿ ಮಾತ್ರೆ ನುಂಗುವವರು, ಕಿವಿ ಸೋರುವವರು ಡಾಕ್ಟರಿಂದ ಬರೆಸಿಕೊಂಡೇ ಹೋಗಿ. ಅವರು ಬೇಡ ಅಂದರೆ ರಾಫ್ಟಿಂಗ್ ಬಗ್ಗೆ ಬೇರೆಯಾಗಿ ಕೇಳಿ, ಅದಕ್ಕೆ ಒಪ್ಪಬಹುದು.

ಹೋಗುವ ವಾರದಲ್ಲಿ ನೆಗಡಿಯಾದರೆ ಡೈವ್ ಮುಂದೂಡಿ. ಮೂಗು ಕಟ್ಟಿದಾಗ ಕಿವಿಯ ಒತ್ತಡ ಸರಿಯಾಗುವುದಿಲ್ಲ, ಪರದೆಗೆ ಪೆಟ್ಟಾಗುತ್ತದೆ. ಕನ್ನಡಕದವರು ಪವರ್ ಇರುವ ಮಾಸ್ಕ್ ಸಿಗುತ್ತದಾ ಅಂತ ಮೊದಲೇ ಕೇಳಿ.

ಹೆಜ್ಜೆ 4: ಬುಕ್ ಮಾಡುವ ಮೊದಲು ಫೋನಿನಲ್ಲಿ ಪರೀಕ್ಷೆ ಮಾಡಿ

ರೀಲ್ಸ್ ನೋಡಿ ದುಡ್ಡು ಹಾಕಬೇಡಿ. ಡೈವಿಂಗ್‌ನವರಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು: ನಿಮ್ಮ ತರಬೇತುದಾರರಿಗೆ ಪ್ಯಾಡಿ ಅಥವಾ ಎಸ್‌ಎಸ್‌ಐ (ಡೈವಿಂಗ್ ಕಲಿಸುವ ಅಂತಾರಾಷ್ಟ್ರೀಯ ಸಂಸ್ಥೆಗಳು) ಸರ್ಟಿಫಿಕೇಟ್ ಇದೆಯಾ? ನೀರಿನ ಕೆಳಗೆ ಒಬ್ಬರು ತರಬೇತುದಾರರಿಗೆ ಎಷ್ಟು ಜನ? ಹೊಸಬರಿಗೆ ಒಬ್ಬರಿಗೆ ಒಬ್ಬರು ಅನ್ನುವುದೇ ಒಳ್ಳೆಯದು. ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದಾ? ಸಮುದ್ರ ಸರಿಯಿಲ್ಲದೆ ದೋಣಿ ಹೋಗದಿದ್ದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ಫೋಟೊ, ವಿಡಿಯೊ, ತಿಂಡಿ ಇದರಲ್ಲೇ ಸೇರಿದೆಯಾ? ಸ್ಕೂಬಾಗೆ ತಲೆಗೆ ಐದಾರು ಸಾವಿರ ಇಟ್ಟುಕೊಂಡೇ ಲೆಕ್ಕ ಹಾಕಿ. ತೀರಾ ಕಡಿಮೆಗೆ ಕೊಡುತ್ತೇವೆ ಅಂದರೆ ಎಲ್ಲಿಗೆ ಕರೆದೊಯ್ಯುತ್ತಾರೆ, ನೇತ್ರಾಣಿಗೇನಾ, ನೀರಿನ ಕೆಳಗೆ ಎಷ್ಟು ನಿಮಿಷ ಅಂತ ಬಿಡಿಸಿ ಕೇಳಿ.

"ನನಗೆ ಸ್ವಲ್ಪ ಆಸ್ತಮಾ ಇದೆ, ಪರವಾಗಿಲ್ವಾ?" ಅಂತಲೂ ಕೇಳಿ ನೋಡಿ. "ಏನೂ ಆಗಲ್ಲ, ಬನ್ನಿ" ಅಂದರೆ ಆ ಫೋನ್ ಅಲ್ಲಿಗೇ ಇಡಿ. ಡಾಕ್ಟರ ಪತ್ರ ಕೇಳುವವರ ಹತ್ತಿರ ಹೋಗಿ.

ರಾಫ್ಟಿಂಗ್‌ನವರಿಗೆ: ಒಂದು ರಾಫ್ಟ್‌ನಲ್ಲಿ ಎಷ್ಟು ಜನ ಕೂರಿಸುತ್ತೀರಿ, ಹೆಲ್ಮೆಟ್ ಕೊಡುತ್ತೀರಾ, ಎಸೆಯುವ ಹಗ್ಗ ಇರುತ್ತದಾ, ಎಷ್ಟು ಕಿಲೋಮೀಟರ್? ದಾಂಡೇಲಿಯಲ್ಲಿ ಒಂದೆರಡು ಕಿಲೋಮೀಟರಿನ ಚಿಕ್ಕ ಸುತ್ತನ್ನೂ "ರಾಫ್ಟಿಂಗ್" ಅಂತಲೇ ಮಾರುತ್ತಾರೆ, ಉದ್ದದ ಪಯಣವನ್ನೂ ಹಾಗೇ ಕರೆಯುತ್ತಾರೆ. ಎರಡರ ದರವೂ ಬೇರೆ, ಅನುಭವವೂ ಬೇರೆ. ಸರ್ಕಾರಿ ವ್ಯವಸ್ಥೆ ಬೇಕಾದವರಿಗೆ ಜಂಗಲ್ ಲಾಡ್ಜಸ್‌ನ ಕಾಳಿ ಅಡ್ವೆಂಚರ್ ಕ್ಯಾಂಪ್ ಇದೆ. ಮಕ್ಕಳಿದ್ದರೆ ವಯಸ್ಸಿನ ಮಿತಿ ಕೇಳಿ. ಸ್ಕೂಬಾಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು.

ಹೆಜ್ಜೆ 5: ದಾರಿ ಮತ್ತು ದಿನಗಳ ಹಂಚಿಕೆ

ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಒಂದೇ ಹೆದ್ದಾರಿ, ಒಂದೇ ರೈಲು ಮಾರ್ಗ. ಹಂಪಿ ಎಕ್ಸ್‌ಪ್ರೆಸ್ ಸೇರಿ ಹಲವು ರೈಲುಗಳಿವೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯವರಿಗೂ ಈಗ ರೈಲು ಬಂದಿದೆ. ರಾಯಚೂರಿನವರಿಗೆ ಸಿಂಧನೂರು, ಗಂಗಾವತಿ, ಕೊಪ್ಪಳ ಮೇಲೆ ಬಸ್ಸೇ ಸಲೀಸು, ರಾತ್ರಿ ಹೊರಟರೆ ಬೆಳಗ್ಗೆ ಹುಬ್ಬಳ್ಳಿ. ಅಲ್ಲಿಂದ ದಾಂಡೇಲಿ ಸುಮಾರು 75 ಕಿಲೋಮೀಟರ್.

ಮೊದಲ ದಿನ ದಾಂಡೇಲಿ ಸೇರಿ ವಿಶ್ರಾಂತಿ. ರಾತ್ರಿ ಪ್ರಯಾಣದ ನಿದ್ದೆಗಣ್ಣಿನಲ್ಲಿ ನೇರ ರಾಫ್ಟ್ ಹತ್ತಬೇಡಿ. ಎರಡನೇ ದಿನ ಬೆಳಗ್ಗೆ ರಾಫ್ಟಿಂಗ್, ಮಧ್ಯಾಹ್ನ ಊಟ ಮಾಡಿ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮೇಲೆ ಮುರುಡೇಶ್ವರ. ಕತ್ತಲಾಗುವ ಮುಂಚೆ ಘಟ್ಟ ಇಳಿದಿರಬೇಕು. ಮೂರನೇ ದಿನ ಡೈವಿಂಗ್. ಆ ರಾತ್ರಿ ಮುರುಡೇಶ್ವರದಲ್ಲೇ. ನಾಲ್ಕನೇ ದಿನ ಬೆಳಗ್ಗೆ ವಾಪಸ್.

ಆ ಮೂರನೇ ರಾತ್ರಿ ಯಾಕೆ? ಆಳದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ಜಾಸ್ತಿ ಪ್ರಮಾಣದಲ್ಲಿ ರಕ್ತಕ್ಕೆ, ಮೈಗೆ ಸೇರುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ ಹೊರಗೆ ಹೋಗುತ್ತದೆ. ಅದು ಹೋಗುವ ಮೊದಲೇ ಎತ್ತರಕ್ಕೆ ಹೋದರೆ, ಅಂದರೆ ಹೊರಗಿನ ಒತ್ತಡ ಇಳಿದರೆ, ಗುಳ್ಳೆಗಳಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಹಾಗಾಗಿಯೇ ಒಂದು ಡೈವ್ ನಂತರ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು ಅನ್ನುವ ನಿಯಮ. ಮಂಗಳೂರಿನವರಿಗೆ ಡೈವ್ ಮುಗಿಸಿ ಕಾರು ಹತ್ತಿದರೆ ಮನೆ ಸಮುದ್ರದ ಮಟ್ಟದಲ್ಲೇ. ನಮಗೆ ಹಾಗಲ್ಲ. ಯಲ್ಲಾಪುರ ಇರುವುದೇ ಸಮುದ್ರ ಮಟ್ಟದಿಂದ 500 ಮೀಟರಿಗಿಂತ ಮೇಲೆ. ಕೊಪ್ಪಳವೂ ಹೆಚ್ಚುಕಡಿಮೆ ಅಷ್ಟೇ, ಬಳ್ಳಾರಿ, ರಾಯಚೂರು ಸ್ವಲ್ಪ ಕೆಳಗೆ. ಇದು ವಿಮಾನದಷ್ಟು ಎತ್ತರವಲ್ಲ, ಕಡಿಮೆ ಆಳದ ಒಂದೇ ಡೈವ್‌ಗೆ ಅಪಾಯವೂ ಚಿಕ್ಕದು. ಆದರೂ ಒಂದು ರಾತ್ರಿ ಅಲ್ಲೇ ಮಲಗಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಸಮುದ್ರದಲ್ಲಿ ದಣಿದ ಮೈಯಲ್ಲಿ ರಾತ್ರಿ ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸುವುದೂ ತಪ್ಪುತ್ತದೆ. ರಾಫ್ಟಿಂಗ್ ಮೊದಲು, ಡೈವಿಂಗ್ ಆಮೇಲೆ ಅಂದದ್ದೂ ಇದಕ್ಕೇ. ದಾಂಡೇಲಿ ಘಟ್ಟದ ಮೇಲಿದೆ.

ಬ್ಯಾಗಿನ ವಿಷಯ ಬೇಗ ಮುಗಿಸುತ್ತೇನೆ. ಜೀನ್ಸ್ ಬೇಡ, ನೆನೆದರೆ ಭಾರ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್. ಹವಾಯಿ ಚಪ್ಪಲಿ ನದಿಗೇ ಅರ್ಪಣೆಯಾಗುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆ ಶೂ ತನ್ನಿ. ಕನ್ನಡಕಕ್ಕೆ ದಾರ. ದುಪಟ್ಟಾ, ಸೀರೆ ರಾಫ್ಟ್‌ನಲ್ಲಿ ಬೇಡವೇ ಬೇಡ. ಉಂಗುರ, ಉದ್ದನೆ ಸರ ಬಿಚ್ಚಿಡಿ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಬಟ್ಟೆಯ ಒಳಗೆ ಪಿನ್ ಹಾಕಿ ಭದ್ರ ಮಾಡಿ, ಮೇಲೆ ಜಾಕೆಟ್ ಬರುತ್ತದೆ. ಗುರುತಿನ ಚೀಟಿ ಇರಲಿ. ವಿಮೆ ಇದ್ದವರು ಸಾಹಸ ಕ್ರೀಡೆಗೆ ಅನ್ವಯವಾಗುತ್ತದಾ ಅಂತ ಒಮ್ಮೆ ಓದಿ. ಬಹಳ ಪಾಲಿಸಿಗಳಲ್ಲಿ ಆಗುವುದಿಲ್ಲ.

ಹೆಜ್ಜೆ 6: ಕಾಳಿಯಲ್ಲಿ

ದಡದಲ್ಲೇ ಲೈಫ್ ಜಾಕೆಟ್ ಪರೀಕ್ಷೆ ಮಾಡಿ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಹೇಳಿ ಜಾಕೆಟ್‌ನ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿಸಿ. ಅದು ಕಿವಿ ತನಕ ಏರಿದರೆ ಸಡಿಲ ಅಂತ ಅರ್ಥ. ನೀರಿನಲ್ಲೂ ಹಾಗೇ ಏರುತ್ತದೆ, ನೀವು ಕೆಳಗೆ ಉಳಿಯುತ್ತೀರಿ. ಉಸಿರಾಡಲು ತುಸು ಬಿಗಿ ಅನ್ನಿಸುವಷ್ಟು ಇರಬೇಕು. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ಒಪ್ಪಬೇಡಿ.

ನದಿಯ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 1 ಅಂದರೆ ಹರಿಯುವ ನೀರು ಅಷ್ಟೇ, 6 ಅಂದರೆ ಪ್ರಾಣದ ಆಸೆ ಬಿಟ್ಟವರಿಗೆ. ಕಾಳಿಯಲ್ಲಿ ಸಿಗುವುದು ಹೆಚ್ಚಾಗಿ 2 ಮತ್ತು 3. ಹೊಸಬರಿಗೆ ಹೇಳಿ ಮಾಡಿಸಿದ್ದು.

ಕೂರುವುದು ರಾಫ್ಟ್‌ನ ಒಳಗಲ್ಲ, ಅಂಚಿನ ದಿಂಡಿನ ಮೇಲೆ. ಕಾಲನ್ನು ಒಳಗಿನ ಅಡ್ಡ ದಿಂಡಿನ ಕೆಳಗೆ ತೂರಿಸಿ ಹಿಡಿತ ಮಾಡಿಕೊಳ್ಳಿ. ಹುಟ್ಟಿನ ಮೇಲ್ತುದಿಯಲ್ಲಿ ಅಡ್ಡ ಹಿಡಿ ಇರುತ್ತದೆ. ಅದನ್ನು ಒಂದು ಕೈ ಬಿಡಲೇಬಾರದು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೋ ಮೂಗಿಗೋ ಬಡಿಯುತ್ತದೆ. ರಾಫ್ಟಿಂಗ್‌ನಲ್ಲಿ ಇಂಥ ಗಾಯಗಳು ಮಾಮೂಲು.

ಗೈಡ್ ಕೊಡುವ ಆಜ್ಞೆಗಳು ಇಂಗ್ಲಿಷಿನಲ್ಲೇ ಇರುತ್ತವೆ. ಫಾರ್ವರ್ಡ್ ಅಂದರೆ ಮುಂದಕ್ಕೆ ಹುಟ್ಟು ಹಾಕಿ. ಬ್ಯಾಕ್ ಅಂದರೆ ಹಿಂದಕ್ಕೆ. ಸ್ಟಾಪ್ ಅಂದರೆ ಹುಟ್ಟು ನೀರಿನಿಂದ ಮೇಲೆ. ಗೆಟ್ ಡೌನ್ ಅಂದರೆ ದಿಂಡು ಬಿಟ್ಟು ರಾಫ್ಟ್‌ನೊಳಗೆ ಕುಕ್ಕರಿಸಿ, ಹಗ್ಗ ಹಿಡಿಯಿರಿ. ಮನೆಯ ಹಿರಿಯರಿಗೆ, ಮಕ್ಕಳಿಗೆ ಹಿಂದಿನ ರಾತ್ರಿಯೇ ಹೇಳಿಕೊಟ್ಟಿರಿ. ರ‍್ಯಾಪಿಡ್ (ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗ) ಹತ್ತಿರ ಬಂದಾಗ ಎಲ್ಲರೂ ಕಿರುಚುತ್ತಾರೆ, ಹುಟ್ಟು ಹಾಕುವುದನ್ನು ಮರೆಯುತ್ತಾರೆ. ಕಿರುಚಿ, ಆದರೆ ಕೈ ನಿಲ್ಲಿಸಬೇಡಿ. ಓಡುವ ರಾಫ್ಟ್ ಅಲೆಯನ್ನು ಸೀಳುತ್ತದೆ, ನಿಂತ ರಾಫ್ಟನ್ನು ಅಲೆ ಅಡ್ಡ ತಿರುಗಿಸುತ್ತದೆ.

ಬಿದ್ದರೆ ಏನು? ಇದನ್ನು ಎರಡು ಸಲ ಓದಿ. ಅಂಗಾತ ಮಲಗಿ. ಕಾಲು ನೀರು ಹರಿಯುವ ದಿಕ್ಕಿಗೆ, ಪಾದದ ಬೆರಳು ನೀರಿನ ಮೇಲೆ ಕಾಣುವಂತೆ. ಬಂಡೆ ಬಂದರೆ ಪಾದದಿಂದ ತಳ್ಳಿ. ಎದ್ದು ನಿಲ್ಲಬೇಡಿ. ನೀರು ನಡುಮಟ್ಟ ಇದ್ದರೂ ನಿಲ್ಲಬೇಡಿ. ನಮ್ಮ ಸಹಜ ಬುದ್ಧಿ ನಿಲ್ಲು ಅನ್ನುತ್ತದೆ, ಅದೇ ಅಪಾಯ. ಕಾಲು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ನಿಮ್ಮನ್ನು ಮುಂದಕ್ಕೆ ಮಗುಚಿ ಮುಖವನ್ನು ಒಳಗೇ ಒತ್ತಿ ಹಿಡಿಯುತ್ತದೆ. ದಡದ ಹತ್ತಿರ ನಿಂತ ನೀರಿಗೆ ಬಂದ ಮೇಲಷ್ಟೇ ಎದ್ದೇಳಿ. ರಾಫ್ಟ್ ಮಗುಚಿ ನೀವು ಅದರ ಕೆಳಗೆ ಸಿಕ್ಕಿದರೆ ಎರಡೂ ಕೈಯನ್ನು ಮೇಲಕ್ಕೆತ್ತಿ ರಾಫ್ಟ್‌ನ ತಳ ಮುಟ್ಟಿ, ಒಂದೇ ದಿಕ್ಕಿಗೆ ತಳ್ಳುತ್ತಾ ಬನ್ನಿ, ಹೊರಗೆ ಬರುತ್ತೀರಿ. ಹಗ್ಗ ಎಸೆದರೆ ಎದೆಯ ಮೇಲೆ ಹಿಡಿದು ಹಗ್ಗ ಭುಜದ ಮೇಲೆ ಹೋಗುವಂತೆ ಅಂಗಾತ ಇರಿ. ಕೈಗೆ ಸುತ್ತಿಕೊಳ್ಳಬೇಡಿ.

ಕಾಳಿಯಲ್ಲೂ ಮೊಸಳೆಗಳಿವೆ. ರಾಫ್ಟಿಂಗ್ ಮುಗಿದ ಮೇಲೆ "ಇಲ್ಲಿ ನೀರು ಶಾಂತ ಇದೆ" ಅಂತ ಬೇರೆ ಕಡೆ ಇಳಿಯಬೇಡಿ. ಗೈಡ್ ಇಳಿಯಿರಿ ಅಂದ ಜಾಗದಲ್ಲಿ ಮಾತ್ರ.

ಹೆಜ್ಜೆ 7: ನೇತ್ರಾಣಿಯಲ್ಲಿ

ಡೈವ್ ದಿನ ಬೆಳಗ್ಗೆ ಹೊಟ್ಟೆ ಖಾಲಿ ಇರಬಾರದು, ತುಂಬಿಯೂ ಇರಬಾರದು. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ನಮ್ಮ ಒಗ್ಗರಣೆ ಮಿರ್ಚಿಯ ಆಸೆ ಅವತ್ತು ಒಂದು ದಿನ ಬಿಡಿ. ಹಿಂದಿನ ರಾತ್ರಿ ಕುಡಿಯುವುದು ಖಂಡಿತ ಬೇಡ. ವಾಂತಿ ಬರುವ ಸ್ವಭಾವದವರು ಡಾಕ್ಟರನ್ನು ಕೇಳಿ ತಂದ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ತೆಗೆದುಕೊಳ್ಳಿ. ಹತ್ತಿದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ದೋಣಿಯಲ್ಲಿ ಮೊಬೈಲ್ ನೋಡದೆ ದೂರದ ಅಂಚನ್ನು ನೋಡುತ್ತಾ ಕೂತಿರಿ. ದ್ವೀಪಕ್ಕೆ ಒಂದು, ಒಂದೂವರೆ ಗಂಟೆ ಪ್ರಯಾಣ.

ಹೊರಡುವ ಮೊದಲು ಕೈಸನ್ನೆ ಹೇಳಿಕೊಡುತ್ತಾರೆ. ಒಂದನ್ನು ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಹೆಬ್ಬೆರಳು ಮೇಲೆ ತೋರಿಸಿದರೆ ಅಲ್ಲಿ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ಖುಷಿಯಲ್ಲಿ ಹೆಬ್ಬೆರಳು ಎತ್ತಿದವರನ್ನು ತರಬೇತುದಾರರು ಸೀದಾ ಮೇಲೆ ಕರೆತಂದುಬಿಡುತ್ತಾರೆ. ಎಲ್ಲ ಸರಿ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಗುಂಡಗೆ ಮಾಡಿ. ಏನೋ ಸರಿಯಿಲ್ಲ ಅನ್ನಲು ಅಂಗೈ ಅಗಲಿಸಿ ಆಚೀಚೆ ಅಲ್ಲಾಡಿಸಿ, ಆಮೇಲೆ ತೊಂದರೆ ಇರುವ ಕಿವಿಯನ್ನೋ ಮಾಸ್ಕನ್ನೋ ತೋರಿಸಿ.

ಹೊಸಬರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಇಳಿಯುವಾಗ ಕಿವಿಯ ಕಡೆ ಪೂರ್ತಿ ಗಮನ. ಮೂಗು ಹಿಡಿದು, ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಮೂಗಿನೊಳಗೆ ಉಸಿರು ಒತ್ತಿ. ಕಿವಿಯಲ್ಲಿ ಟಕ್ ಅಂದರೆ ಸರಿಯಾಯಿತು. ನೋವು ಬಂದ ಮೇಲಲ್ಲ, ಬರುವ ಮುಂಚೆಯೇ. ಮೊದಲ ಕೆಲವು ಮೀಟರಿನಲ್ಲಿ ಹೆಜ್ಜೆ ಹೆಜ್ಜೆಗೂ ಮಾಡುತ್ತಿರಬೇಕು, ಒತ್ತಡದ ಬದಲಾವಣೆ ಅಲ್ಲೇ ಜಾಸ್ತಿ. ಆಗದಿದ್ದರೆ ಸನ್ನೆ ಮಾಡಿ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರು ಮಾಡಿ ಒತ್ತಬೇಡಿ.

ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಉಸಿರು ಹಿಡಿಯಬಾರದು. ಬಾವಿಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಬಾವಿಯಲ್ಲಿ ನೀವು ಮೇಲಿನ ಗಾಳಿಯನ್ನು ತುಂಬಿಕೊಂಡು ಒಳಗೆ ಹೋಗುತ್ತೀರಿ. ಮೇಲೆ ಬಂದಾಗ ಅದು ಅಷ್ಟೇ ಇರುತ್ತದೆ. ಸ್ಕೂಬಾದಲ್ಲಿ ಆಳದಲ್ಲೇ ಗಾಳಿ ತೆಗೆದುಕೊಳ್ಳುತ್ತೀರಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದ ಗಾಳಿ ಮೇಲೆ ಬರುವ ಹೊತ್ತಿಗೆ ಎರಡರಷ್ಟು ಜಾಗ ಕೇಳುತ್ತದೆ. ಬಾಯಿ ಮುಚ್ಚಿ ಹಿಡಿದಿದ್ದರೆ ಶ್ವಾಸಕೋಶ ಹರಿಯುತ್ತದೆ. ನಿಧಾನವಾಗಿ ಒಳಗೆ, ನಿಧಾನವಾಗಿ ಹೊರಗೆ, ನಿಲ್ಲಿಸದೆ. ಗುಳ್ಳೆಗಳ ಸದ್ದು ಬುಳಬುಳ ಬರುತ್ತಲೇ ಇರಬೇಕು. ಭಯವಾದರೆ ಏನನ್ನೂ ಮಾಡಬೇಡಿ, ಉಸಿರನ್ನು ಇನ್ನೂ ನಿಧಾನ ಮಾಡಿ.

ಇಷ್ಟು ಮಾಡಿದರೆ ಉಳಿದದ್ದು ನೋಡುವುದು. ಹವಳದ ಬಂಡೆಗಳ ಮೇಲೆ ಹಳದಿ ಪಟ್ಟೆಯ ಚಿಟ್ಟೆ ಮೀನು, ಗಿಳಿಯಂಥ ಕೊಕ್ಕಿನಿಂದ ಬಂಡೆ ಕೆರೆಯುವ ಪ್ಯಾರಟ್ ಫಿಶ್. ಅದು ಕಟಕಟ ಕೆರೆಯುವ ಸದ್ದು ಕೂಡ ಕೇಳಿಸಬಹುದು. ಬರಕೂಡಾ ಹಿಂಡು ಸಿಗಬಹುದು, ಅದೃಷ್ಟ ಇದ್ದರೆ ಕಡಲಾಮೆ. ಯಾವುದನ್ನೂ ಮುಟ್ಟಬೇಡಿ. ಹವಳ ಕಲ್ಲಲ್ಲ, ಜೀವ. ನೀವು ಒಮ್ಮೆ ಹಿಡಿದು ಮುರಿದದ್ದು ಬೆಳೆಯಲು ವರ್ಷಗಟ್ಟಲೆ ಬೇಕು. ನೆನಪಿಗೆ ಅಂತ ಚಿಪ್ಪು, ತುಂಡು ತರಬೇಡಿ.

ಹೆಜ್ಜೆ 8: ಬಂದ ಮೇಲೆ

ಕಿವಿ ಒಂದು ದಿನ ಮಂದವಾಗಿದ್ದರೆ ಚಿಂತೆ ಬೇಡ. ನೋವು, ರಕ್ತ, ತಲೆಸುತ್ತು ಇದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಿ. ಡೈವ್ ಆದ 24 ಗಂಟೆಯೊಳಗೆ ಕೀಲು ನೋವು, ಕೈಕಾಲು ಜುಮುಜುಮು, ಎದೆ ಬಿಗಿತ, ವಿಪರೀತ ಸುಸ್ತು ಕಂಡರೆ ನಿದ್ದೆ ಮಾಡಿದರೆ ಹೋಗುತ್ತೆ ಅಂತ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, "ಸ್ಕೂಬಾ ಮಾಡಿದ್ದೆ, ಇಷ್ಟು ಹೊತ್ತಿಗೆ, ಇಷ್ಟು ಆಳ" ಅಂತ ಮೊದಲ ಮಾತಿಗೇ ಹೇಳಿ, ಆಕ್ಸಿಜನ್ ಕೇಳಿ. ನಮ್ಮ ಕಡೆ ಡಾಕ್ಟರುಗಳಿಗೆ ಇಂಥ ರೋಗಿ ಅಪರೂಪ. ನೀವು ಹೇಳದಿದ್ದರೆ ಅವರಿಗೆ ಹೊಳೆಯಲಿಕ್ಕಿಲ್ಲ. ಡೈವಿಂಗ್‌ನವರ ಫೋನ್ ನಂಬರ್ ಮನೆ ಸೇರುವ ತನಕ ಕೈಯಲ್ಲೇ ಇರಲಿ.

ಮತ್ತೆ ಇಳಿಯಬೇಕು ಅನ್ನಿಸಿದವರಿಗೆ ಮುಂದಿನ ದಾರಿ ಓಪನ್ ವಾಟರ್ ಕೋರ್ಸ್. ಓದು, ಈಜುಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್ ಸೇರಿ ಮೂರ್ನಾಲ್ಕು ದಿನ ಹಿಡಿಯುತ್ತದೆ. ಪಾಸಾದರೆ ಜೊತೆಗಾರರೊಬ್ಬರೊಂದಿಗೆ 18 ಮೀಟರ್ ತನಕ ಹೋಗಬಹುದು. ಅದಕ್ಕೆ 200 ಮೀಟರ್ ಈಜಬೇಕು, ಯಾವ ಆಸರೆಯೂ ಇಲ್ಲದೆ 10 ನಿಮಿಷ ತೇಲಬೇಕು. ಇದನ್ನು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಬೇಸಿಗೆ ಪೂರ್ತಿ ಅಭ್ಯಾಸ ಮಾಡಿ, ಮಳೆಗಾಲ ಕಳೆದ ಮೇಲೆ ಕೋರ್ಸ್‌ಗೆ ಹೆಸರು ಬರೆಸಿ.